ಮೊದಲ ಬಾಡಿಗೆ ಮನೆ ಕೊಳ್ಳುವ ಮುನ್ನ: ಸ್ಥಿರಾಸ್ತಿ ಹೂಡಿಕೆಗೆ ಹೊಸಬರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸಂಬಳದ ಕೆಲಸದಲ್ಲಿರುವವನು. ಹಲವು ವರ್ಷಗಳಿಂದ ಉಳಿಸಿದ ಹಣ ಈಗ ಒಂದು ಸಾಧಾರಣ ಮನೆಯ ಬೆಲೆಯ ಐದನೇ ಒಂದು ಭಾಗದಷ್ಟಾಗಿದೆ. ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಡಬೇಕೆಂದಿದ್ದೇನೆ. ಬಾಡಿಗೆಯೇ ಕಂತನ್ನು ತೀರಿಸುತ್ತದೆ, ಭೂಮಿಯ ಬೆಲೆ ಎಂದೂ ಇಳಿಯುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಮನೆ ಕೊಳ್ಳುವುದು ಒಳ್ಳೆಯದೋ, ಖಾಲಿ ನಿವೇಶನವೋ? ಗೆಳೆಯನೊಬ್ಬ ಜಂಟಿಯಾಗಿ ಕೊಳ್ಳೋಣ ಎನ್ನುತ್ತಿದ್ದಾನೆ, ಒಪ್ಪಬಹುದೇ? ನೋಡಿಟ್ಟಿರುವ ಒಂದು ಮನೆಯ ಮಾಲೀಕರು ಈ ವಾರದೊಳಗೆ ಮುಂಗಡ ಕೊಡಬೇಕೆಂದು ಒತ್ತಾಯಿಸುತ್ತಿದ್ದಾರೆ. ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ಮುಂಗಡದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಹಣ ಕೊಡಬೇಡಿ. ಸ್ಥಿರಾಸ್ತಿಯಲ್ಲಿ ಹಣ ಹೂಡಿ ಕೈಸುಟ್ಟುಕೊಂಡವರ ಕಡತಗಳನ್ನು ವೃತ್ತಿಯ ಕಾರಣಕ್ಕೆ ಓದುತ್ತ ಬಂದಿರುವ ನನಗೆ ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ಹೆಚ್ಚು ಬೆಲೆ ಕೊಟ್ಟು ಕೊಂಡದ್ದಕ್ಕಾಗಿ ಮುಳುಗಿದವರಿಗಿಂತ, ಕೊಂಡದ್ದನ್ನು ಬೇಡದ ಹೊತ್ತಿನಲ್ಲಿ ಮಾರಬೇಕಾಗಿ ಬಂದದ್ದರಿಂದ ಮುಳುಗಿದವರೇ ಜಾಸ್ತಿ. ಸ್ವಲ್ಪ ದುಬಾರಿಯಾಗಿ ಕೊಂಡ ಒಳ್ಳೆಯ ಮನೆಯನ್ನು ಹದಿನೈದು ವರ್ಷ ಹಿಡಿದಿಟ್ಟುಕೊಂಡರೆ ಆ ತಪ್ಪು ತಾನಾಗಿ ಕರಗಿಬಿಡಬಹುದು. ಅಗ್ಗವಾಗಿಯೇ ಕೊಂಡಿದ್ದರೂ ಮೂರನೇ ವರ್ಷ ಕಂತು ಕಟ್ಟಲಾಗದೆ ಬಂದ ಬೆಲೆಗೆ ಮಾರಿದವರಿಗೆ ಆ ಅವಕಾಶ ಸಿಗುವುದಿಲ್ಲ. ಆದ್ದರಿಂದ ಯಾವ ಆಸ್ತಿ, ಯಾವ ಬಡಾವಣೆ ಎಂದು ಹುಡುಕುವುದಕ್ಕೆ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಷ್ಟು ಕೆಟ್ಟ ವರ್ಷ ಬಂದರೂ ಇದನ್ನು ಮಾರದೆ ಉಳಿಸಿಕೊಳ್ಳುವ ಶಕ್ತಿ ನನಗಿದೆಯೇ?

ಆ ಶಕ್ತಿಯನ್ನು ಅಂದಾಜಿನಲ್ಲಿ ಹೇಳಲಾಗದು, ಲೆಕ್ಕ ಹಾಕಿಯೇ ತಿಳಿಯಬೇಕು. ಯಾವ ದೇಶದ ಹಣಕ್ಕಾದರೂ ಹೊಂದುವಂತೆ ಮನೆಯ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಮುಂದೆ ಬರುವ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿ ನೋಡಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ವಕೀಲರ ಸಂಭಾವನೆ, ದಲ್ಲಾಳಿ, ಬಾಡಿಗೆದಾರರು ಬರುವ ಮುಂಚಿನ ಸಣ್ಣಪುಟ್ಟ ದುರಸ್ತಿ ಎಲ್ಲ ಸೇರಿ ಇನ್ನೊಂದು 7 ಆಯಿತೆನ್ನೋಣ. ಅಂದರೆ ಆ ಮನೆ ನಿಮಗೆ ಬಿದ್ದದ್ದು 107ಕ್ಕೆ. ಬ್ಯಾಂಕು ಸಾಮಾನ್ಯವಾಗಿ ಮನೆಯ ಬೆಲೆಯನ್ನು ನೋಡಿ ಸಾಲ ಕೊಡುತ್ತದೆಯೇ ಹೊರತು ಈ ಮೇಲುಖರ್ಚಿಗೆ ಕೊಡುವುದಿಲ್ಲ. ಹಾಗಾಗಿ 80 ಸಾಲ ಸಿಕ್ಕರೂ ನಿಮ್ಮ ಕೈಯಿಂದ ಹೋಗುವುದು 20 ಅಲ್ಲ, 27. ಬೆಲೆಯ ಐದನೇ ಒಂದು ಭಾಗ ಉಳಿಸಿದ್ದೇನೆಂದು ನೀವು ಬರೆದಿದ್ದೀರಿ. ಆ ಹಣ ಬಾಗಿಲು ತಲುಪಿಸುತ್ತದೆ, ಒಳಗೆ ಹೋಗಲು ಸಾಲುವುದಿಲ್ಲ. ಕೊರತೆಯ ಈ 7ನ್ನು ವೈಯಕ್ತಿಕ ಸಾಲದಿಂದಲೋ ಚಿನ್ನ ಅಡವಿಟ್ಟೋ ತುಂಬಿಸಿಕೊಂಡು ಆರಂಭಿಸುವವರು ಮೊದಲ ದಿನದಿಂದಲೇ ಎರಡು ಕಂತುಗಳನ್ನು ಹೊರುತ್ತಾರೆ.

ಈಗ ಬಾಡಿಗೆಗೆ ಬರೋಣ. ವರ್ಷಕ್ಕೆ 6 ಬಾಡಿಗೆ ಬರುತ್ತದೆ ಎನ್ನೋಣ. ಮಾರುವವರೂ ದಲ್ಲಾಳಿಗಳೂ ಹೇಳುವ ‘ಶೇಕಡಾ 6 ಆದಾಯ’ ಎಂದರೆ ಇದೇ. ಬಾಡಿಗೆದಾರರು ಬದಲಾಗುವಾಗ ಮನೆ ಖಾಲಿ ಬೀಳುತ್ತದೆ. ವರ್ಷಕ್ಕೆ ಸರಾಸರಿ ಒಂದು ತಿಂಗಳು ಎಂದರೆ 0.5 ಹೋಯಿತು. ಸುಣ್ಣಬಣ್ಣ, ನಲ್ಲಿ, ವಿದ್ಯುತ್ ತಂತಿ, ಚಾವಣಿ ಎಂದು ದೀರ್ಘಾವಧಿಯಲ್ಲಿ ವರ್ಷಕ್ಕೆ ಬೆಲೆಯ ಶೇಕಡಾ 1ರಷ್ಟಾದರೂ ದುರಸ್ತಿಗೆ ತೆಗೆದಿಡಬೇಕು. ಆಸ್ತಿ ತೆರಿಗೆ, ವಿಮೆ, ವಸತಿ ಸಮುಚ್ಚಯವಾದರೆ ಅದರ ನಿರ್ವಹಣಾ ಶುಲ್ಕ ಇವುಗಳಿಗೆ 0.9 ಇಟ್ಟುಕೊಳ್ಳಿ. ಉಳಿಯುವುದು 3.6. ಅದನ್ನು ನೀವು ನಿಜವಾಗಿ ಹಾಕಿದ 107ರಿಂದ ಭಾಗಿಸಿದರೆ ನಿವ್ವಳ ಆದಾಯ ಶೇಕಡಾ 3.4ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದಾಯ ತೆರಿಗೆಯನ್ನು ನಾನಿನ್ನೂ ಕಳೆದಿಲ್ಲ, ಏಕೆಂದರೆ ಅದು ದೇಶದಿಂದ ದೇಶಕ್ಕೆ ಮತ್ತು ನಿಮ್ಮ ಒಟ್ಟು ವರಮಾನಕ್ಕೆ ತಕ್ಕಂತೆ ಬದಲಾಗುತ್ತದೆ.

ಸಾಲದ ಕಡೆ ನೋಡೋಣ. ಶೇಕಡಾ 8 ಬಡ್ಡಿಗೆ 20 ವರ್ಷಗಳ ಅವಧಿಗೆ 80 ಸಾಲ ತೆಗೆದರೆ ತಿಂಗಳ ಕಂತು ಸುಮಾರು 0.67 ಆಗುತ್ತದೆ, ವರ್ಷಕ್ಕೆ 8ಕ್ಕಿಂತ ತುಸು ಹೆಚ್ಚು. ಕೈಗೆ ಬರುವ ಬಾಡಿಗೆ 3.6, ಕೈಯಿಂದ ಹೋಗುವ ಕಂತು 8. ನಡುವಿನ 4.4 ಪ್ರತಿ ವರ್ಷವೂ ನಿಮ್ಮ ಸಂಬಳದಿಂದ ಬರಬೇಕು. ಈ ಉದಾಹರಣೆಯಲ್ಲಿ ಬಾಡಿಗೆಯೇ ಕಂತನ್ನು ಪೂರ್ತಿ ತೀರಿಸಬೇಕೆಂದರೆ ಸಾಲ 36ನ್ನು ಮೀರುವಂತಿಲ್ಲ, ಎಂದರೆ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ನಿಮ್ಮ ಗೆಳೆಯರ ಮಾತು ಬಾಡಿಗೆ ಹೆಚ್ಚು ಮತ್ತು ಬಡ್ಡಿ ಕಡಿಮೆ ಇರುವ ಮಾರುಕಟ್ಟೆಗಳಲ್ಲಿ ನಿಜವಾಗಬಹುದು. ನಿಮ್ಮ ಮಾರುಕಟ್ಟೆ ಅಂಥದ್ದೇ ಎಂಬುದನ್ನು ಈ ಲೆಕ್ಕ ಹೇಳಬೇಕು, ಗೆಳೆಯರಲ್ಲ.

ಕಂತಿನ ಒಳಗೆ ಏನಿದೆ ಎಂಬುದನ್ನೂ ಬಿಡಿಸಿ ನೋಡಿ. ಮೊದಲ ತಿಂಗಳ 0.67ರಲ್ಲಿ 0.53 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು 0.14 ಮಾತ್ರ. ಇಪ್ಪತ್ತು ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ 160ಕ್ಕೆ ಮುಟ್ಟುತ್ತದೆ. ಅಂದರೆ ತೆಗೆದ ಸಾಲದಷ್ಟೇ ಬಡ್ಡಿ. ಬದಲಾಗುವ ಬಡ್ಡಿದರದ ಸಾಲವಾಗಿದ್ದು, ಆರಂಭದಲ್ಲೇ ದರ ಶೇಕಡಾ 8ರಿಂದ 10ಕ್ಕೆ ಏರಿತೆನ್ನೋಣ. ಕಂತನ್ನು ಹೆಚ್ಚಿಸುವುದು ಬೇಡ, ಅವಧಿಯನ್ನು ಮುಂದೂಡಿದರೆ ಸಾಕು ಎಂದು ನೀವು ಕೇಳಿಕೊಂಡರೆ ತಿಂಗಳ ಬಡ್ಡಿಯೇ 0.667 ಆಗಿಬಿಡುತ್ತದೆ, ಕಂತು 0.669ರಲ್ಲೇ ಇರುತ್ತದೆ. ಅಸಲು ಕರಗುವುದು ಹೆಚ್ಚೂಕಡಿಮೆ ನಿಂತೇ ಹೋಗುತ್ತದೆ. 20 ವರ್ಷದ ಸಾಲ 50 ವರ್ಷ ದಾಟಿದರೂ ತೀರದು. ಬ್ಯಾಂಕುಗಳು ಇಷ್ಟು ದೂರ ಅವಧಿಯನ್ನು ಎಳೆಯಲು ಬಿಡುವುದಿಲ್ಲ, ಕಂತನ್ನೇ ಹೆಚ್ಚಿಸುತ್ತವೆ. ಆಗ ವರ್ಷದ ಕಂತು 8ರಿಂದ 9.3ರ ಹತ್ತಿರ ಹೋಗುತ್ತದೆ.

ಇದೇ ಲೆಕ್ಕದಲ್ಲಿ ಒಂದು ಕೆಟ್ಟ ವರ್ಷವನ್ನು ಊಹಿಸಿಕೊಳ್ಳಿ: ದರ ಶೇಕಡಾ 10ಕ್ಕೆ ಏರಿದೆ, ಮನೆ ಆರು ತಿಂಗಳು ಖಾಲಿ ಉಳಿದಿದೆ, ಚಾವಣಿ ಸೋರಿ 2ರಷ್ಟು ಹೆಚ್ಚುವರಿ ದುರಸ್ತಿ ಬಂದಿದೆ. ಇವು ಮೂರೂ ಒಟ್ಟಿಗೆ ಬರುವುದು ಅಪರೂಪವೇನೂ ಅಲ್ಲ. ಆರ್ಥಿಕತೆ ಬಿಗಿಯಾದಾಗ ಬಡ್ಡಿ ಏರುತ್ತದೆ, ಬಾಡಿಗೆದಾರರು ಕೆಲಸ ಕಳೆದುಕೊಂಡು ಮನೆ ಬಿಡುತ್ತಾರೆ, ಚಾವಣಿಯಂತೂ ಯಾರ ಅನುಕೂಲವನ್ನೂ ಕಾಯುವುದಿಲ್ಲ. ಆ ವರ್ಷ ನೀವು ಕೈಯಿಂದ ಹಾಕಬೇಕಾದದ್ದು 10ಕ್ಕೂ ಮೀರುತ್ತದೆ, ಅಂದರೆ ಮನೆಯ ಬೆಲೆಯ ಹತ್ತನೇ ಒಂದು ಭಾಗ. ಅಂಥ ವರ್ಷದಲ್ಲಿಯೂ ಮನೆಯವರ ಊಟ, ಮಕ್ಕಳ ಶಾಲೆ, ಹಿರಿಯರ ಔಷಧಿ ಯಾವುದಕ್ಕೂ ಧಕ್ಕೆಯಾಗದೆ ಕಂತು ಕಟ್ಟಬಲ್ಲಿರಾದರೆ ನೀವು ಕೊಳ್ಳಲು ಸಿದ್ಧರಾಗಿದ್ದೀರಿ ಎಂದು ನಾನು ಹೇಳುತ್ತೇನೆ. ಇಲ್ಲವಾದರೆ ಇನ್ನೆರಡು ವರ್ಷ ಉಳಿಸಿ, ಅಥವಾ ಚಿಕ್ಕ ಆಸ್ತಿಯನ್ನು ನೋಡಿ. ಕನಿಷ್ಠ ಆರು ತಿಂಗಳ ಕಂತು ಮತ್ತು ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ, ಮುಟ್ಟದ ಹಣವಾಗಿ ಇರಬೇಕು. ಈ ಮಾತನ್ನು ನಾನು ಯಾವ ಸಡಿಲಿಕೆಯೂ ಇಲ್ಲದೆ ಹೇಳುತ್ತಿದ್ದೇನೆ.

‘ಭೂಮಿಯ ಬೆಲೆ ಎಂದೂ ಇಳಿಯುವುದಿಲ್ಲ’ ಎಂಬ ಮಾತಿಗೆ ಇತಿಹಾಸದ ಬೆಂಬಲವಿಲ್ಲ. ಜಪಾನಿನ ದೊಡ್ಡ ನಗರಗಳಲ್ಲಿ ಭೂಮಿಯ ಬೆಲೆ 1991ರ ಸುಮಾರಿಗೆ ತುತ್ತತುದಿ ಮುಟ್ಟಿತು. ಆಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಿಂದ 2012ರ ನಡುವೆ ಮನೆಗಳ ಬೆಲೆ ದೇಶದ ಸರಾಸರಿಯಲ್ಲೇ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಐರ್ಲೆಂಡಿನಲ್ಲಿ 2007ರ ನಂತರದ ಐದಾರು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಇಳಿಯಿತು. ಇನ್ನೂ ದೀರ್ಘವಾದ ದಾಖಲೆಯೊಂದಿದೆ. ಆಮ್‌ಸ್ಟರ್‌ಡಾಮ್ ನಗರದ ಹೆರೆನ್‌ಗ್ರಾಖ್ಟ್ ಎಂಬ ಕಾಲುವೆಯ ದಡದ ಮನೆಗಳ ಮಾರಾಟ ಬೆಲೆಗಳನ್ನು 1628ರಿಂದ 1973ರವರೆಗೆ ಜೋಡಿಸಿ ಅರ್ಥಶಾಸ್ತ್ರಜ್ಞ ಪೀಟ್ ಐಖ್‌ಹೋಲ್ಟ್ಸ್ ಸೂಚ್ಯಂಕವೊಂದನ್ನು ರಚಿಸಿದರು. ಶ್ರೀಮಂತ ನಗರದ ಅತ್ಯುತ್ತಮ ಬೀದಿ ಅದು. ಹಣದುಬ್ಬರವನ್ನು ಕಳೆದರೆ ಸುಮಾರು ಮೂರೂವರೆ ಶತಮಾನಗಳಲ್ಲಿ ಅಲ್ಲಿನ ಬೆಲೆ ಎರಡು ಪಟ್ಟಾಗಿದೆ ಅಷ್ಟೆ. ನಡುನಡುವೆ ತಲೆಮಾರುಗಳ ಕಾಲದ ಇಳಿಕೆಗಳೂ ಇದ್ದವು. ಬೆಳೆಯುತ್ತಿರುವ ನಗರಗಳಲ್ಲಿ ಬೆಲೆ ಇದಕ್ಕಿಂತ ವೇಗವಾಗಿ ಏರಿದ್ದುಂಟು, ಮುಂದೆಯೂ ಏರಬಹುದು. ಅದು ಬಂದರೆ ಬರಲಿ. ಆದರೆ ಬೆಲೆ ಏರದಿದ್ದರೆ ಮುಳುಗಿಹೋಗುವಂಥ ಲೆಕ್ಕವನ್ನು ಹೊಸಬರು ಹಾಕಿಕೊಳ್ಳಬಾರದು.

ಸಾಲ ದೊಡ್ಡದಾದಷ್ಟೂ ಬೆಲೆಯ ಸಣ್ಣ ಅಲುಗಾಟವೂ ನಿಮ್ಮ ಸ್ವಂತ ಹಣದ ಮೇಲೆ ದೊಡ್ಡದಾಗಿ ಬಡಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷವೇ ಬೆಲೆ ಶೇಕಡಾ 10ರಷ್ಟು ಇಳಿದು, ಮಾರಲೇಬೇಕಾದ ಸಂದರ್ಭ ಬಂತೆನ್ನಿ. 90ಕ್ಕೆ ಮಾರಿ, ಮಾರಾಟದ ಖರ್ಚು 2 ಕಳೆದು, ಇನ್ನೂ 80ರ ಹತ್ತಿರವೇ ಇರುವ ಸಾಲವನ್ನು ತೀರಿಸಿದರೆ ನಿಮ್ಮ 27ರಲ್ಲಿ ಉಳಿಯುವುದು 8, ಹೆಚ್ಚೆಂದರೆ 10. ಬೆಲೆ ಹತ್ತು ಇಳಿದದ್ದಕ್ಕೆ ನಿಮ್ಮ ಹಣದ ಮೂರನೇ ಎರಡು ಭಾಗ ಹೋಯಿತು. ಅದೇ ಇಳಿಕೆಯ ಕಾಲದಲ್ಲಿ ಮಾರದೆ ಕೂರಬಲ್ಲವರಿಗೆ ಕಾಗದದ ಮೇಲಿನ ನಷ್ಟವಷ್ಟೇ ಆಗಿರುತ್ತದೆ.

ಪಕ್ಕದ ಮನೆಯವರ ಆಸ್ತಿ ‘ಹತ್ತು ವರ್ಷದಲ್ಲಿ ದುಪ್ಪಟ್ಟಾಯಿತು’ ಎಂಬ ಮಾತು ಕಿವಿಗೆ ಬಿದ್ದಾಗ ಒಂದು ಸುಲಭ ಭಾಗಾಕಾರ ಮಾಡಿ. 72ನ್ನು ವರ್ಷಗಳ ಸಂಖ್ಯೆಯಿಂದ ಭಾಗಿಸಿದರೆ ವಾರ್ಷಿಕ ಬೆಳವಣಿಗೆಯ ದರ ಸರಿಸುಮಾರಾಗಿ ಸಿಗುತ್ತದೆ. ಹತ್ತು ವರ್ಷದಲ್ಲಿ ದುಪ್ಪಟ್ಟು ಎಂದರೆ ವರ್ಷಕ್ಕೆ ಶೇಕಡಾ 7.2, ಹದಿನೈದು ವರ್ಷದಲ್ಲಾದರೆ ಶೇಕಡಾ 4.8. ಅದರಿಂದ ತೆರಿಗೆ, ದುರಸ್ತಿ, ಬಡ್ಡಿ ಕಳೆದು, ಬಂದ ಬಾಡಿಗೆಯನ್ನು ಸೇರಿಸಿದ ಮೇಲೆ ಉಳಿದದ್ದನ್ನು ಹಣದುಬ್ಬರದ ಪಕ್ಕದಲ್ಲಿಟ್ಟು ನೋಡಬೇಕು. ಮಾತಿನಲ್ಲಿ ದೊಡ್ಡದಾಗಿ ಕೇಳುವ ಎಷ್ಟೋ ಲಾಭಗಳು ಈ ಲೆಕ್ಕದಲ್ಲಿ ಸಾಧಾರಣವಾಗಿಬಿಡುತ್ತವೆ.

ಮನೆಯೋ ನಿವೇಶನವೋ ಎಂಬ ಪ್ರಶ್ನೆಗೆ ಉತ್ತರ ಈ ಲೆಕ್ಕದಿಂದಲೇ ಹುಟ್ಟುತ್ತದೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಬೆಲೆ ಏರುವುದಿದ್ದರೆ ಅದು ಕಟ್ಟಡದ ಕೆಳಗಿನ ನೆಲದಿಂದ ಮತ್ತು ಆ ನೆಲ ಇರುವ ಜಾಗದಿಂದ. ಆದ್ದರಿಂದ ನಿವೇಶನವೇ ಲೇಸು ಎಂಬ ವಾದಕ್ಕೆ ತಕ್ಕಮಟ್ಟಿನ ಆಧಾರವಿದೆ. ಆದರೆ ಖಾಲಿ ನಿವೇಶನ ಬಾಡಿಗೆ ತರುವುದಿಲ್ಲ, ಕಂದಾಯ ಮಾತ್ರ ಕೇಳುತ್ತದೆ, ಕಾವಲಿಲ್ಲದಿದ್ದರೆ ಒತ್ತುವರಿಯಾಗುತ್ತದೆ. ಸಾಲ ಮಾಡಿ ನಿವೇಶನ ಕೊಂಡವರ ಕೆಟ್ಟ ವರ್ಷವೂ ಒಳ್ಳೆಯ ವರ್ಷವೂ ಕೈಯಿಂದ ಹಾಕುವ ವರ್ಷಗಳೇ. ಸಾಲವಿಲ್ಲದೆ ಕೊಳ್ಳಬಲ್ಲವರು, ಹತ್ತು ಹದಿನೈದು ವರ್ಷ ಆ ಹಣ ಬೇಡದವರು ನಿವೇಶನ ಕೊಳ್ಳಲಿ. ನೀವು ಸಾಲದ ಮೇಲೆ ನಿಂತಿರುವುದರಿಂದ, ಇಂದೇ ಬಾಡಿಗೆಗೆ ಹೋಗಬಲ್ಲ, ಈಗಾಗಲೇ ಕಟ್ಟಿ ಮುಗಿದಿರುವ ಸಾಧಾರಣ ಮನೆಯೇ ನಿಮಗೆ ತಕ್ಕದ್ದು. ಕಟ್ಟುತ್ತಿರುವ ಸಮುಚ್ಚಯದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಎಂಬ ಆಸೆ ಬೇಡ. ಕೆಲಸ ತಡವಾದಷ್ಟು ದಿನವೂ ಬಾಡಿಗೆಯಿಲ್ಲದೆ ಬಡ್ಡಿ ಓಡುತ್ತಿರುತ್ತದೆ. ‘ಮೂರು ವರ್ಷ ಖಚಿತ ಬಾಡಿಗೆ’ ಎಂದು ಬಿಲ್ಡರ್ ಬರೆದುಕೊಟ್ಟರೂ ಅಷ್ಟೇ: ಆ ಬಾಡಿಗೆಯನ್ನು ಅನೇಕ ಸಲ ಮಾರಾಟ ಬೆಲೆಯಲ್ಲೇ ಮೊದಲು ಸೇರಿಸಿ ವಸೂಲು ಮಾಡಿರುತ್ತಾರೆ. ನಾಲ್ಕನೇ ವರ್ಷ ಆ ಮನೆಗೆ ಬಾಡಿಗೆ ಎಷ್ಟು ಎಂಬುದನ್ನು ಅಕ್ಕಪಕ್ಕದ ಮನೆಗಳೇ ಹೇಳಬೇಕು.

ಈಗ ಹಕ್ಕಿನ ವಿಷಯ. ಇಲ್ಲಿ ಅವಸರ ಮಾಡಿದವರಿಗೆ ಮೇಲಿನ ಯಾವ ಲೆಕ್ಕವೂ ನೆರವಿಗೆ ಬರುವುದಿಲ್ಲ. ಜಗತ್ತಿನಲ್ಲಿ ಭೂಮಿಯ ಹಕ್ಕನ್ನು ದಾಖಲಿಸುವ ಪದ್ಧತಿಗಳು ಸ್ಥೂಲವಾಗಿ ಎರಡು ಬಗೆಯವು. ರಾಬರ್ಟ್ ಟಾರೆನ್ಸ್ ಅವರ ಪ್ರಯತ್ನದಿಂದ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದು ಆಮೇಲೆ ಹಲವು ದೇಶಗಳಿಗೆ ಹಬ್ಬಿದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರವೇ ಹೊಣೆ. ಇನ್ನೊಂದು ಪದ್ಧತಿಯಲ್ಲಿ ನೋಂದಣಿ ಕಚೇರಿ ಪತ್ರವನ್ನು ದಾಖಲಿಸುತ್ತದೆ ಅಷ್ಟೆ. ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂಬುದಕ್ಕೆ ಅದು ಹೊಣೆಯಾಗುವುದಿಲ್ಲ. ಎರಡನೆಯ ಪದ್ಧತಿ ಇರುವಲ್ಲಿ ‘ನೋಂದಣಿಯಾಗಿದೆ, ಇನ್ನೇನು ಭಯ’ ಎಂಬ ಮಾತು ಅಪಾಯಕಾರಿ. ನಿಮ್ಮ ದೇಶದಲ್ಲಿ ಯಾವ ಪದ್ಧತಿ ಇದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಹಕ್ಕಿನ ಮೂಲವನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋಗಬೇಕು. ಈಗ ಮಾರುತ್ತಿರುವವರಿಗೆ ಈ ಆಸ್ತಿ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ಕೊಂಡದ್ದೋ, ಪಾಲಿಗೆ ಬಂದದ್ದೋ, ದಾನವಾಗಿ ಸಿಕ್ಕಿದ್ದೋ? ಪಿತ್ರಾರ್ಜಿತವಾಗಿದ್ದರೆ ಎಲ್ಲ ವಾರಸುದಾರರೂ ಸಹಿ ಹಾಕಿದ್ದಾರೆಯೇ? ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಹೊರದೇಶದಲ್ಲಿರುವ ತಮ್ಮ, ಆಗ ಅಪ್ರಾಪ್ತ ವಯಸ್ಕನಾಗಿದ್ದು ಈಗ ಬೆಳೆದು ನಿಂತಿರುವ ಮೊಮ್ಮಗ, ಇವರಲ್ಲಿ ಒಬ್ಬರ ಸಹಿ ತಪ್ಪಿದ್ದರೂ ವ್ಯಾಜ್ಯ ನಿಮ್ಮ ಮನೆ ಬಾಗಿಲಿಗೆ ಬರಬಹುದು. ಅಧಿಕಾರಪತ್ರದ ಮೂಲಕ ಬೇರೆಯವರು ಮಾರುತ್ತಿದ್ದರೆ, ಅಧಿಕಾರ ಕೊಟ್ಟವರು ಬದುಕಿದ್ದಾರೆಯೇ, ಪತ್ರವನ್ನು ರದ್ದುಪಡಿಸಿಲ್ಲವೇ ಎಂದು ಅವರನ್ನೇ ಸಂಪರ್ಕಿಸಿ ಖಚಿತಪಡಿಸಿಕೊಳ್ಳಬೇಕು. ಋಣಭಾರ ಇದೆಯೇ, ಹಳೆಯ ಅಡಮಾನ ತೀರಿ ದಾಖಲೆಯಲ್ಲಿ ವಜಾ ಆಗಿದೆಯೇ ಎಂಬುದನ್ನೂ ನೋಡಬೇಕು. ಕೊನೆಗೆ ಪತ್ರದಲ್ಲಿರುವ ಚಕ್ಕುಬಂದಿಯನ್ನೂ ಅಳತೆಯನ್ನೂ ಕೈಯಲ್ಲಿ ಹಿಡಿದು ಸ್ಥಳದಲ್ಲಿ ನಿಂತು ತಾಳೆ ನೋಡಬೇಕು. ಮನೆಗೆ ಹೋಗುವ ದಾರಿ ಸಾರ್ವಜನಿಕವೋ, ಪಕ್ಕದವರ ಜಮೀನಿನ ಮೇಲೆ ಹಾದುಹೋಗುತ್ತಿದೆಯೋ ಎಂಬುದು ಅಲ್ಲಿ ನಿಂತಾಗಲೇ ತಿಳಿಯುತ್ತದೆ.

ಬ್ಯಾಂಕಿನ ವಕೀಲರು ಕಾಗದ ನೋಡಿ ಒಪ್ಪಿದ್ದಾರೆ, ಅಷ್ಟು ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಅವರು ಕಾಯುತ್ತಿರುವುದು ಬ್ಯಾಂಕಿನ ಹಣವನ್ನು. ಹಕ್ಕು ಬಿದ್ದುಹೋದರೂ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ, ಬ್ಯಾಂಕು ನಿಮ್ಮ ಸಂಬಳದಿಂದ ವಸೂಲು ಮಾಡಿಕೊಳ್ಳುತ್ತದೆ. ಮಾರುವವರಿಗೂ ದಲ್ಲಾಳಿಗೂ ಬ್ಯಾಂಕಿಗೂ ಸಂಬಂಧವಿಲ್ಲದ ವಕೀಲರನ್ನು ನೀವೇ ಗೊತ್ತುಮಾಡಿ, ಅವರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಬಾಯಿಮಾತಿನಲ್ಲಿ ‘ಎಲ್ಲ ಸರಿಯಾಗಿದೆ’ ಎನ್ನುವವರು ಬರೆಯಲು ಕೂತಾಗ ನಾಲ್ಕು ಪ್ರಶ್ನೆ ಎತ್ತುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಕಾಗದ ಸರಿಯಿದ್ದ ಮೇಲೆ ಮನೆಯನ್ನು ನೋಡಬೇಕು. ಹೊಸದಾಗಿ ಬಣ್ಣ ಬಳಿದ ಮನೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಅದಕ್ಕಾಗಿಯೇ ಬಳಿದಿರುತ್ತಾರೆ. ಗೋಡೆಯ ಹತ್ತಿರ ಕುಳಿತು ನೆಲದಿಂದ ಮೊಣಕಾಲೆತ್ತರದ ಪಟ್ಟಿಯನ್ನು ನೋಡಿ. ಅಲ್ಲಿ ಮಾತ್ರ ಬಣ್ಣ ತುಸು ಗಾಢವಾಗಿದ್ದರೆ ಅಥವಾ ಹೆಚ್ಚು ಪದರಗಳಿದ್ದರೆ, ಪಾಯದಿಂದ ತೇವ ಮೇಲೇರುತ್ತಿರುವ ಸಾಧ್ಯತೆಯಿದೆ. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಪ್ಲಾಸ್ಟರು ಇಟ್ಟಿಗೆ ಬಿಟ್ಟಿರುವಲ್ಲಿ ಸದ್ದು ಟೊಳ್ಳಾಗುತ್ತದೆ. ಮೂಲೆಯಲ್ಲಿ ಬಿಳಿ ಹಿಟ್ಟಿನಂಥ ಪುಡಿ ಉದುರಿದ್ದರೆ ಅದು ನೀರು ಆವಿಯಾಗುವಾಗ ಗೋಡೆಯೊಳಗಿಂದ ಹೊರತಂದು ಬಿಟ್ಟ ಲವಣ. ಬೀರು ಅಥವಾ ಮಂಚವನ್ನು ಒಂದು ಗೋಡೆಗೆ ಒತ್ತಿ ಇಟ್ಟಿದ್ದರೆ ಸರಿಸಿ ತೋರಿಸಲು ಕೇಳಿ. ಸ್ನಾನದ ಮನೆಯ ಹಿಂಬದಿಯ ಗೋಡೆಯನ್ನು ಪಕ್ಕದ ಕೋಣೆಯಿಂದ ನೋಡಿ, ಚಾವಣಿಯ ಮೇಲೆ ಹತ್ತಿ ನೀರು ನಿಂತ ಕಲೆಗಳನ್ನು ಹುಡುಕಿ, ಎಲ್ಲ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ ಒತ್ತಡ ಎಷ್ಟಿದೆ ಎಂದು ಪರೀಕ್ಷಿಸಿ. ಮಳೆ ಬಂದ ಮರುದಿನ ಒಮ್ಮೆ, ರಾತ್ರಿ ಹತ್ತರ ನಂತರ ಒಮ್ಮೆ ಆ ಬೀದಿಗೆ ಹೋಗಿ ಬನ್ನಿ. ದೊಡ್ಡ ಮೊತ್ತದ ಖರೀದಿಯಾದ್ದರಿಂದ ಸ್ವತಂತ್ರ ಎಂಜಿನಿಯರೊಬ್ಬರ ಪರಿಶೀಲನೆಗೆ ಕೊಡುವ ಹಣ ದಂಡವಲ್ಲ. ಅವರು ಕೊಟ್ಟ ದುರಸ್ತಿಯ ಅಂದಾಜನ್ನು ಮುಂದಿಟ್ಟು ಬೆಲೆ ಇಳಿಸಿ ಎಂದು ಕೇಳಲೂ ಬರುತ್ತದೆ.

ಬಾಡಿಗೆದಾರರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ಶೇಕಡಾ ಹೆಚ್ಚು ಕೊಡುತ್ತೇನೆಂದು ಬಂದವರಿಗಿಂತ ನಾಲ್ಕು ವರ್ಷ ಇರುವಂಥ, ಹಿಂದಿನ ಮಾಲೀಕರು ಒಳ್ಳೆಯ ಮಾತಾಡುವಂಥ ಕುಟುಂಬ ಮೇಲು. ಕರಾರನ್ನು ಬರವಣಿಗೆಯಲ್ಲಿ ಮಾಡಿ, ಮನೆ ಒಪ್ಪಿಸುವ ದಿನ ಪ್ರತಿ ಕೋಣೆಯ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಮತ್ತು ನಲ್ಲಿ ಕೆಟ್ಟಿದೆ ಎಂದು ಅವರು ಹೇಳಿದ ವಾರದಲ್ಲೇ ಸರಿಪಡಿಸಿಕೊಡಿ. ಅದು ಅವರ ವಾಸದ ಮನೆ. ಆ ಗೌರವ ಕೊಡುವ ಮಾಲೀಕರ ಮನೆಗಳು ಖಾಲಿ ಬೀಳುವುದು ಕಡಿಮೆ.

ಗೆಳೆಯರೊಡನೆ ಜಂಟಿಯಾಗಿ ಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಬಿಡುಗಡೆಯ ದಾರಿಯನ್ನು ಮೊದಲೇ ಬರೆದಿಡದೆ ಕೊಳ್ಳಬೇಡಿ. ನಿಮ್ಮ ಗೆಳೆಯರಿಗೆ ಐದನೇ ವರ್ಷ ಮಗಳ ಮದುವೆಗೆ ಹಣ ಬೇಕಾಗಬಹುದು, ಅಥವಾ ಅವರು ತೀರಿಕೊಂಡು ಅವರ ಪಾಲು ನೀವು ಎಂದೂ ಕಾಣದ ವಾರಸುದಾರರಿಗೆ ಹೋಗಬಹುದು. ಒಬ್ಬರು ಮಾರಬೇಕೆಂದಾಗ ಇನ್ನೊಬ್ಬರಿಗೆ ಮೊದಲ ಅವಕಾಶ ಇದೆಯೇ, ಬೆಲೆಯನ್ನು ಯಾರು ನಿರ್ಧರಿಸುತ್ತಾರೆ, ಒಬ್ಬರು ಕಂತು ತಪ್ಪಿಸಿದರೆ ಇನ್ನೊಬ್ಬರು ಕಟ್ಟಿದ ಹಣಕ್ಕೆ ಲೆಕ್ಕ ಹೇಗೆ, ದುರಸ್ತಿಗೆ ಎಷ್ಟರವರೆಗೆ ಒಬ್ಬರೇ ತೀರ್ಮಾನಿಸಬಹುದು ಎಂಬುದೆಲ್ಲ ಸಹಿ ಮಾಡಿದ ಕಾಗದದಲ್ಲಿರಬೇಕು. ಜಂಟಿ ಸಾಲದಲ್ಲಿ ಬ್ಯಾಂಕು ಸಾಮಾನ್ಯವಾಗಿ ಅರ್ಧರ್ಧ ಎಂದು ನೋಡುವುದಿಲ್ಲ, ಪೂರ್ತಿ ಸಾಲಕ್ಕೆ ಇಬ್ಬರನ್ನೂ ಹೊಣೆ ಮಾಡುತ್ತದೆ. ಈ ಮಾತುಗಳನ್ನು ಗೆಳೆಯರ ಮುಂದೆ ಎತ್ತಲು ಸಂಕೋಚವಾಗುತ್ತಿದ್ದರೆ ಅವರೊಡನೆ ಆಸ್ತಿ ಕೊಳ್ಳುವುದು ಬೇಡ, ಗೆಳೆತನವನ್ನು ಹಾಗೇ ಉಳಿಸಿಕೊಳ್ಳಿ.

ಈಗಿರುವ ಉಳಿತಾಯದಲ್ಲಿ ಮನೆ ಕೊಳ್ಳುವುದು ಭಾರವೆಂದು ಲೆಕ್ಕ ಹೇಳಿದರೆ ಬೇರೆ ದಾರಿಗಳೂ ಇವೆ. 1960ರಲ್ಲಿ ಅಮೆರಿಕದಲ್ಲಿ ಕಾನೂನಿನ ರೂಪ ಪಡೆದು ಈಗ ಹಲವಾರು ದೇಶಗಳಲ್ಲಿರುವ ರೀಟ್ (ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್) ಎಂಬ ವ್ಯವಸ್ಥೆಯಲ್ಲಿ, ಕಚೇರಿ, ಮಳಿಗೆ, ಗೋದಾಮುಗಳಂಥ ದೊಡ್ಡ ಕಟ್ಟಡಗಳ ಬಾಡಿಗೆಯಲ್ಲಿ ಸಣ್ಣ ಹೂಡಿಕೆದಾರರೂ ಪಾಲು ಕೊಳ್ಳಬಹುದು. ಬಂದ ಆದಾಯದ ಬಹುಪಾಲನ್ನು ಹೂಡಿಕೆದಾರರಿಗೆ ಹಂಚಬೇಕೆಂಬ ನಿಯಮವಿರುತ್ತದೆ, ಬೇಕೆಂದಾಗ ಷೇರುಗಳಂತೆ ಮಾರಬಹುದು. ಆದರೆ ಇದೂ ಅಪಾಯವಿಲ್ಲದ್ದಲ್ಲ: 2007ರಿಂದ 2009ರ ಆರಂಭದವರೆಗೆ ಅಮೆರಿಕದ ರೀಟ್‌ಗಳ ಬೆಲೆ ಅರ್ಧಕ್ಕೂ ಹೆಚ್ಚು ಕುಸಿದಿತ್ತು. ಇನ್ನೊಂದು ದಾರಿ, ನೀವೇ ವಾಸಿಸಲು ಕೊಳ್ಳುವ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವುದು. ಮಾಲೀಕತನದ ಕೆಲಸವನ್ನು ಕಡಿಮೆ ಅಪಾಯದಲ್ಲಿ ಕಲಿಯಲು ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಗೊತ್ತಿಲ್ಲ. ಹೇಗೂ ವಾಸದ ಮನೆ ಬೇಕಾದವರು ಮೊದಲು ಇದನ್ನೇ ಯೋಚಿಸಲಿ.

ಯಾವ ದಾರಿ ಹಿಡಿದರೂ, ಕೊಳ್ಳುವ ಮುಂಚೆ ನಾಲ್ಕಾರು ತಿಂಗಳು ಒಂದೇ ಬಡಾವಣೆಯನ್ನು ಬಿಡದೆ ಗಮನಿಸಿ. ಒಂದು ಪುಸ್ತಕ ಇಟ್ಟುಕೊಂಡು ಮಾರಾಟಕ್ಕಿರುವ ಪ್ರತಿ ಮನೆಯ ಕೇಳಿದ ಬೆಲೆ, ಕೊನೆಗೆ ಮಾರಾಟವಾದ ಬೆಲೆ, ಮಾರಲು ಹಿಡಿದ ಕಾಲ, ಬಾಡಿಗೆ ಫಲಕ ನೇತುಹಾಕಿದ ಮನೆ ಎಷ್ಟು ದಿನ ಖಾಲಿ ಇತ್ತು ಎಂಬುದನ್ನು ಬರೆದುಕೊಳ್ಳಿ. ಕೇಳಿದ ಬೆಲೆಗೂ ಕುದುರಿದ ಬೆಲೆಗೂ ಇರುವ ಅಂತರ ನಿಮಗೆ ಯಾವ ತರಬೇತಿ ಶಿಬಿರವೂ ಕಲಿಸದಷ್ಟನ್ನು ಕಲಿಸುತ್ತದೆ. ಬಂಡವಾಳವೇ ಇಲ್ಲದೆ ಆಸ್ತಿವಂತರಾಗುವ ಗುಟ್ಟು ಹೇಳಿಕೊಡುತ್ತೇವೆಂದು ದೊಡ್ಡ ಶುಲ್ಕ ಕೇಳುವ ಶಿಬಿರಗಳಿಗೆ ನಿಮ್ಮ ಉಳಿತಾಯದ ಒಂದು ಬಿಡಿಗಾಸನ್ನೂ ಕೊಡಬೇಡಿ.

ಇನ್ನು ಈ ವಾರದ ಮುಂಗಡ. ಆ ಮಾಲೀಕರು ಅವಸರಪಡಿಸುತ್ತಿರುವುದು ನಿಜವಾಗಿಯೂ ಬೇರೆ ಗಿರಾಕಿ ಇರುವುದರಿಂದಲೇ ಇರಬಹುದು. ಮನೆ ನಿಮಗೆ ನಿಜವಾಗಿ ಒಪ್ಪಿಗೆಯಾಗಿ, ಮೇಲಿನ ಕೆಟ್ಟ ವರ್ಷದ ಲೆಕ್ಕದಲ್ಲಿಯೂ ಅದು ನಿಲ್ಲುವುದಾದರೆ ಮಾತ್ರ ಸಣ್ಣ ಮೊತ್ತವೊಂದನ್ನು ಕೊಡಬಹುದು, ಅದೂ ನಗದಾಗಿ ಬೇಡ, ಬ್ಯಾಂಕಿನ ಮೂಲಕ. ಮೊದಲು ನಿಮ್ಮ ವಕೀಲರಿಂದ ಒಂದು ಪುಟದ ಕರಾರು ಬರೆಸಿ. ಹಕ್ಕಿನ ಪರಿಶೀಲನೆಯಲ್ಲಿ ದೋಷ ಕಂಡರೆ, ಎಂಜಿನಿಯರ್ ವರದಿ ಪ್ರತಿಕೂಲವಾದರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಇಷ್ಟು ದಿನಗಳೊಳಗೆ ಪೂರ್ತಿ ಹಣ ಹಿಂದಿರುಗಿಸಬೇಕು ಎಂಬ ಮಾತು ಅದರಲ್ಲಿರಲಿ. ಮಾಲೀಕರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರೂ ಸಹಿ ಹಾಕಲಿ, ಮೂಲಪತ್ರಗಳ ನಕಲುಗಳನ್ನು ಅಂದೇ ಕೊಡಲಿ. ಇದಕ್ಕೆ ಒಪ್ಪದೆ, ಮೊದಲು ಹಣ ಆಮೇಲೆ ಕಾಗದ ಎಂದು ಅವರು ಪಟ್ಟುಹಿಡಿದರೆ ಆ ಮನೆಯನ್ನು ಬಿಟ್ಟು ಮುಂದಿನದನ್ನು ನೋಡಿ.